ನಾನು ಓದದೆ ಬಿಟ್ಟ ಸಾಲು

ಮೊನ್ನೆ ನನ್ನ ಮಂಡಿನೋವಿಗೆ ಹೊಸ ಗುಳಿಗೆ ಬಂತು. ಸೊಸೆ ಡಬ್ಬಿ ಒಡೆದು ಗುಳಿಗೆಯ ಪಟ್ಟಿ ತೆಗೆದುಕೊಂಡಳು. ಜೊತೆಗಿದ್ದ ಕಾಗದವನ್ನು ನೋಡದೆ ಕಸದ ಬುಟ್ಟಿಗೆ ಹಾಕಿದಳು. ಆ ಕಾಗದ ನಿಮಗೂ ಗೊತ್ತಿರುತ್ತದೆ. ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳು, ಎಣಿಸಲಾರದಷ್ಟು ಮಡಿಕೆ, ಇರುವೆ ಸಾಲು ಹಚ್ಚಿದಂಥ ಇಂಗ್ಲಿಷ್. ಬಿಚ್ಚಿದರೆ ಶಾಯಿ ಮತ್ತು ಔಷಧ ಕೂಡಿದ ಒಂದು ಒಣ ವಾಸನೆ... ಬಗ್ಗದ ಮಂಡಿಯನ್ನು ಬಗ್ಗಿಸಿ ನಾನು ಅದನ್ನು ಬುಟ್ಟಿಯಿಂದ ಎತ್ತಿಕೊಂಡೆ. ಸೊಸೆ ಹಣೆ ಬಡಿದುಕೊಂಡಳು.

"ಅತ್ತಿ, ಅದನ್ಯಾರ ಓದ್ತಾರ್ರಿ?"

ಓದುವವರು ಒಬ್ಬರಿದ್ದರು. ಒಂದು ವರ್ಷ ಪೂರ್ತಿ ನನ್ನ ಜೀವ ಹಿಂಡಿ ಓದಲು ಕಲಿತವರು. ಈಗ ನೆನೆಸಿಕೊಂಡರೂ ನನಗೆ ಮೊದಲು ಬರುವುದು ಸಿಟ್ಟೇ. ಉಳಿದದ್ದೆಲ್ಲ ಆಮೇಲೆ.

ಎಂಬತ್ತರ ದಶಕದ ಕೊನೆಯಲ್ಲಿ ಅಥಣಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲಕರು ಅವರು. ನನ್ನ ಯಜಮಾನರಿಗೆ ನೀರಾವರಿ ಇಲಾಖೆಯಲ್ಲಿ ನೌಕರಿ. ಮುಂದಿನ ಎರಡು ಖೋಲಿ ನಮ್ಮವು, ಹಿಂದಿನ ದೊಡ್ಡ ಮನೆ ಅವರದು, ನಡುವೆ ಒಂದು ಅಂಗಳ, ಒಂದು ಬೇವಿನ ಮರ, ಒಂದೇ ನೀರಿನ ನಳ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಕಲಿತು ಬಂದವಳೆಂದು ಓಣಿಯವರಿಗೆಲ್ಲ ನಾನು 'ಇಂಗ್ಲಿಷ್ ಬಾಯಿ', ಅಂದರೆ ಇಂಗ್ಲಿಷ್ ಬಲ್ಲ ಅಮ್ಮ. ಟೆಲಿಗ್ರಾಮ್ ಬರಲಿ, ಕೋರ್ಟಿನ ಕಾಗದ ಬರಲಿ, ಮೊದಲು ನನ್ನ ಬಾಗಿಲಿಗೆ. ಅಯ್ಯೋ ಕೆಲಸ ಅಂತ ಬಾಯಲ್ಲಿ ಅನ್ನುತ್ತಿದ್ದೆ. ಒಳಗೆ ಜಂಬ ಇತ್ತು, ಸುಳ್ಳು ಯಾಕೆ.

ಮಾಲಕರು ಜೈನರು, ಅರವತ್ತರ ಹತ್ತಿರ. ಬಿಳಿ ಧೋತರ, ಬಿಳಿ ಟೊಪ್ಪಿಗೆ, ಕಾಗವಾಡದ ದಾರಿಯಲ್ಲಿ ದ್ರಾಕ್ಷಿ ತೋಟ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಮನೆಯೊಳಗೆ ಬರುವಂತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಅವರು ಅನ್ನವನ್ನಿರಲಿ, ನೀರನ್ನೂ ಮುಟ್ಟುತ್ತಿರಲಿಲ್ಲ. ಅಂಥವರ ಎದುರು ನಾವು ಕೂಡ ಮಾತು ತೊಳೆದು ಆಡುತ್ತಿದ್ದೆವು. ತಪ್ಪಾದದ್ದು ಅಲ್ಲೇ.

ದಸರೆಯ ಸುಮಾರಿಗೆ ದ್ರಾಕ್ಷಿಯ ಚಾಟ್ನಿ ನಡೆಯುತ್ತದೆ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವುದು. ಕತ್ತರಿಸಿದ ಮೇಲೆ ಚಿಗುರುವ ಕಣ್ಣುಗಳೆಲ್ಲ ಒಟ್ಟಿಗೆ ಒಡೆಯಲಿ ಅಂತ ಒಂದು ಔಷಧ ಹಚ್ಚುತ್ತಾರೆ, ಬಟ್ಟೆ ಅದ್ದಿ ಅದ್ದಿ, ಒಂದೊಂದೇ ಕಣ್ಣಿಗೆ, ಕೈಯಿಂದಲೇ. ಆ ವರ್ಷ ನಮ್ಮ ಕಡೆಗೆ ಆ ಔಷಧ ಹೊಸತು. ಬಾಟಲಿಯ ಡಬ್ಬಿಯಲ್ಲಿದ್ದ ಚೀಟಿ ಹಿಡಿದು ಮಾಲಕರು ನನ್ನ ಅಡಿಗೆಮನೆಯ ಬಾಗಿಲಿಗೆ ಬಂದರು. ಒಳಗೆ ಕಾಲಿಡಲಿಲ್ಲ. ನಮ್ಮ ಒಲೆಯ ಮೇಲೆ ಬೆಳ್ಳುಳ್ಳಿ ಒಗ್ಗರಣೆ ಇತ್ತು.

"ಬಾಯಾರ, ಇದರಾಗ ಏನ ಬರದಾರ, ಚೂರ ನೋಡ್ರಿ. ನಾಳಿ ಹಚ್ಚಾಕ ಚಾಲೂ ಮಾಡೂದೈತಿ."

ಕೈ ಒರೆಸಿಕೊಂಡು ಓದಿದೆ. ಗ್ಲವ್ಸ್ ಹಾಕಿಕೊಳ್ಳಬೇಕಂತೆ, ಮೈಗೆ ತಾಗಿದರೆ ತಕ್ಷಣ ತೊಳೆಯಬೇಕಂತೆ, ಮಕ್ಕಳನ್ನು ದೂರ ಇಡಬೇಕಂತೆ. ಅದಾದ ಮೇಲೆ ಒಂದು ಸಾಲು. ಔಷಧ ಹಚ್ಚುವವರು ಹಿಂದುಮುಂದಿನ ಕೆಲವು ದಿನ ಮದ್ಯ ಮುಟ್ಟಬಾರದು, ಮುಟ್ಟಿದರೆ ಅಪಾಯ. ಆ ಸಾಲಿನ ಮೇಲೆ ನನ್ನ ಕಣ್ಣು ನಿಂತಿತು, ನಾಲಿಗೆ ಏಳಲಿಲ್ಲ. ಉಳ್ಳಾಗಡ್ಡಿ ಮುಟ್ಟದ ಹಿರಿಯರ ಎದುರು, ಮುಖ ಎತ್ತಿ, ಹೆಣ್ಣುಮಗಳು ನಾನು, ಸೆರೆ ಕುಡೀಬ್ಯಾಡ್ರಿ ಅಂತ ಹ್ಯಾಗೆ ಹೇಳಲಿ? ಇವರಿಗೆ ಇದು ಸಂಬಂಧವೇ ಇಲ್ಲ ಅಂದುಕೊಂಡೆ. ಒಗ್ಗರಣೆ ಬೇರೆ ಹೊತ್ತುತ್ತಿತ್ತು.

"ಉಳಿದದ್ದೆಲ್ಲಾ ಮಾಮೂಲಿ ರೀ" ಅಂದೆ. ಚೀಟಿ ತಿರುಗಿ ಕೊಟ್ಟೆ.

ಔಷಧ ಹಚ್ಚುವವರು ಮಾಲಕರಲ್ಲ, ಆಳುಗಳು. ಅಷ್ಟು ಸಣ್ಣ ಮಾತು ಕಾನ್ವೆಂಟಿನಲ್ಲಿ ಓದಿದ ತಲೆಗೆ ಹೊಳೆಯಲಿಲ್ಲ.

ಎರಡನೆಯ ದಿನ ಕೆಲಸ ಮುಗಿಸಿ ಮನೆಗೆ ಹೋದ ಮುಕಾದಮ, ಆಳುಗಳ ಮೇಲಿನ ಹಿರಿಯ, ದಣಿವಿಗೆ ಅಂತ ಎಂದಿನಂತೆ ಒಂದಿಷ್ಟು ಹಾಕಿಕೊಂಡನಂತೆ. ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಉಸಿರು ಸಿಗದೆ ಬಿದ್ದ. ಟೆಂಪೋದಲ್ಲಿ ಹಾಕಿಕೊಂಡು ಮಿರಜಿಗೆ ಒಯ್ದರು. ನಮ್ಮ ಕಡೆ ಜೀವದ ಮೇಲೆ ಬಂದರೆ ಎಲ್ಲರೂ ಮಿರಜಿಗೇ. ಮೂರು ದಿನ ಮಾಲಕರು ದವಾಖಾನೆಯ ಬಾಗಿಲು ಬಿಟ್ಟು ಕದಲಲಿಲ್ಲ. ಮನುಷ್ಯ ಉಳಿದ. ದೇವರು ದೊಡ್ಡವನು.

ನಾಲ್ಕನೆಯ ದಿನ ಮಾಲಕರು ಅದೇ ಚೀಟಿ ಹಿಡಿದು ಅದೇ ಬಾಗಿಲಲ್ಲಿ ನಿಂತರು.

"ಡಾಕ್ಟರ್ ಅಂದ್ರು, ಕುಡೀಬಾರದು ಅಂತ ಔಷಧದ ಚೀಟಿಯಾಗ ಬರದಿರತಾರ ಅಂತ. ಬರದೈತೇನ್ರಿ ಬಾಯಾರ?"

ಚೀಟಿ ಇಸಿದುಕೊಂಡು ಮೇಲಿಂದ ಕೆಳಗೆ ಕಣ್ಣಾಡಿಸಿದೆ. ಆ ಸಾಲು ಅಲ್ಲೇ ಇತ್ತು, ನನ್ನನ್ನೇ ನೋಡುತ್ತ. "ಇಲ್ರಿ... ನನಗೇನೂ ಕಾಣವಲ್ದು" ಅಂದೆ.

ನನ್ನ ಜೀವಮಾನದಲ್ಲಿ ಸುಳ್ಳು ಹೇಳಿಲ್ಲ ಅಂತ ಅಲ್ಲ. ಆದರೆ ಅದರಷ್ಟು ಸಲೀಸಾಗಿ ಬಂದ ಸುಳ್ಳು ಇನ್ನೊಂದಿಲ್ಲ.

ಮಾಲಕರು ಚೀಟಿಯನ್ನು ಅದರ ಮಡಿಕೆಯ ಗುರುತಿನಲ್ಲೇ ಮಡಿಸಿ ಅಂಗಿಯ ಒಳಕಿಸೆಗೆ ಇಟ್ಟುಕೊಂಡರು. ಅಷ್ಟು ಸರಿಯಾಗಿ ಅದನ್ನು ಮಡಿಸಿದವರನ್ನು ನಾನು ಬೇರೆ ನೋಡಿಲ್ಲ.

"ಹಂಗಾದ್ರ ನನಗ ಇಂಗ್ಲಿಷ್ ಓದಾಕ ಕಲಸ್ರಿ. ಅರ್ಥ ಹೇಳೂದು ಬ್ಯಾಡ, ಓದೂದು ಕಲಸ್ರಿ. ಈ ಔಷಧದ್ದು ಗೊತ್ತಾತು. ನಾಳಿ ಬ್ಯಾರೆ ಬರತೈತಿ, ಅದರ ಚೀಟಿ ಯಾರ ಓದವ್ರು? ಬರೂ ಚಾಟ್ನಿಗಿ ನಾನ ಓದಿ ಆಳಿಗಿ ಹೇಳಬೇಕು."

ನನ್ನ ಮೇಲೆ ಸಂಶಯವಿತ್ತೋ, ನಂಬಿಕೆಯಿತ್ತೋ ಆ ಮುಖದಲ್ಲಿ ತಿಳಿಯಲಿಲ್ಲ. ಆಗುವುದಿಲ್ಲ ಅನ್ನಲು ನನಗೆ ಬಾಯಿ ಎಲ್ಲಿತ್ತು?

ಮರುದಿನದಿಂದ ನಾಲ್ಕು ಗಂಟೆಗೆ ತೋಟದಿಂದ ಬಂದವರೇ ಬೇವಿನ ಮರದ ಕೆಳಗೆ ಕುಳಿತುಬಿಡುತ್ತಿದ್ದರು. 'ಬಾಯಾರ' ಹೋಗಿ ನಾನು 'ಅಕ್ಕಾರ' ಆದೆ. ನಮ್ಮ ಕಡೆ ಟೀಚರಿಗೆ ಹಾಗೆ ಅನ್ನುವುದು. ಎ ಬಿ ಸಿ ಡಿ ಹೇಗೋ ಬರುತ್ತಿತ್ತು, ಕೂಡಿಸಿ ಓದುವುದನ್ನು ಮೂರು ತಿಂಗಳಲ್ಲಿ ಕಲಿತರು. ನನ್ನ ಗ್ರಹಚಾರ ಆಮೇಲೆ ಶುರುವಾಯಿತು. "ಚೀಟಿ ಕಡೀಗಿ. ಮೊದಲ ಬ್ಯಾರೆ ಎಲ್ಲಾ ಬರಲಿ" ಅಂದು ಅದನ್ನು ಕಿಸೆಯಲ್ಲೇ ಇಟ್ಟುಕೊಂಡು, ಬಿಸ್ಕೀಟಿನ ಪುಡಿಕೆ, ಸಾಬೂನಿನ ಕವರು, ಫ್ಯಾನಿನ ಡಬ್ಬಿ ತರುತ್ತಿದ್ದರು.

"ಪುಟ್ ಅಂದ್ರ ಇಡು. ಆನ್ ಅಂದ್ರ ಮ್ಯಾಲ. ಪುಟ್ ಆನ್ ಗ್ಲವ್ಸ್. ಕೈಗವಸ ಮ್ಯಾಲ ಇಡು. ಎದರ ಮ್ಯಾಲ, ಅಕ್ಕಾರ?"

"ಎದರ ಮ್ಯಾಲೂ ಅಲ್ರಿ. ಪುಟ್ ಆನ್ ಅಂದ್ರ ತೊಟ್ಟಕೋ."

"ಮತ್ತ ನಿನ್ನಿ ಪುಟ್ ಆಫ್ ಅಂದ್ರ ಮುಂದ ಹಾಕು ಅಂದ್ರಿ. ತೊಟ್ಟದ್ದ ಕಳೀಬೇಕಲ್ಲ?"

"ಕಳಿಯೂದು ಟೇಕ್ ಆಫ್ ರೀ."

"ವಿಮಾನ ಹಾರೂದು ಟೇಕ್ ಆಫ್ ಅಂದ್ರ್ಯಲ್ಲ! ಅದೂ ಅಂಗಿ ಕಳೀತೈತೇನು?"

ನನಗೆ ತಲೆ ಗೋಡೆಗೆ ಜಜ್ಜಿಕೊಳ್ಳಬೇಕು ಅನಿಸುತ್ತಿತ್ತು. ಪುಟ್ ಔಟ್, ಪುಟ್ ಅಪ್, ಪುಟ್ ಅಪ್ ವಿತ್... ಅದು ಯಾಕೆ ಹಾಗೆ ಅಂತ ನನಗಾದರೂ ಏನು ಗೊತ್ತು? ಕಾನ್ವೆಂಟಿನಲ್ಲಿ ಸಿಸ್ಟರ್ 'ಲೈನ್ ಅಪ್' ಅಂದರೆ ನಾವು ಸಾಲುಗಟ್ಟಿ ನಿಲ್ಲುತ್ತಿದ್ದೆವು, ಅಪ್ ಎಲ್ಲಿದೆ ಅಂತ ಆಕಾಶ ನೋಡುತ್ತಿರಲಿಲ್ಲ. ಇವರು ನೋಡುತ್ತಿದ್ದರು. ಒಂದೊಂದು ಸಣ್ಣ ಶಬ್ದವನ್ನೂ ಕಡ್ಡಿಯ ಕಣ್ಣಿನ ಹಾಗೆ ಮುಟ್ಟಿ ನೋಡಿ ಮುಂದೆ ಹೋಗುವವರು. ಅದು ಬಿಟ್ಟುಬಿಡ್ರಿ, ಮುಖ್ಯ ಅಲ್ಲ ಅಂದರೆ ಕತ್ತು ಎತ್ತಿ ನನ್ನನ್ನು ನೋಡುತ್ತಿದ್ದರು. ನಾನು ಅವಸರದಲ್ಲಿ ಮುಂದಿನ ಸಾಲಿಗೆ ಬೆರಳಿಡುತ್ತಿದ್ದೆ.

ಒಂದು ಸಂಜೆ ಸಿಟ್ಟು ನೆತ್ತಿಗೇರಿ, ಇದೊಂದು ಹುಚ್ಚು ಭಾಷಾ ರೀ, ಇದಕ್ಕ ಲೆಕ್ಕ ಇಲ್ಲ ಅಂದುಬಿಟ್ಟೆ. ಮಾಲಕರು ಟೊಪ್ಪಿಗೆ ತೆಗೆದು ಮೊಳಕಾಲ ಮೇಲೆ ಇಟ್ಟು ಯೋಚಿಸಿದರು.

"ನಮ್ಮದರಾಗೂ ಐತಲ್ರಿ. ಹುಡುಗ ರೊಟ್ಟಿ ತಿಂದುಬಿಟ್ಟ ಅಂತೀವಿ. ಏನ ಬಿಟ್ಟಾನ? ಏನೂ ಬಿಟ್ಟಿಲ್ಲ, ಎಲ್ಲಾ ತಿಂದಾನ! ತಿಂದು ಹಾಕಿದ ಅಂದ್ರ ಎಲ್ಲಿ ಹಾಕಿದ? ಸಿಟ್ಟಿನಾಗ ಅಂದ ಮಾತದು. ಬೆನ್ನಿಗಿ ಬಂದ ಶಬ್ದ ಅರ್ಥ ಹೇಳಾಕ ಬಂದಿಲ್ರಿ, ಮೊದಲಿನ ಶಬ್ದದ ಗುಣ ಬದಲ ಮಾಡಾಕ ಬಂದೈತಿ. ಕಸಿ ಮಾಡಿದ ಬಳ್ಳಿ ಇದ್ದಂಗ, ಬೇರ ಒಂದು, ಮ್ಯಾಲ ಕಟ್ಟಿದ ಕಡ್ಡಿ ಒಂದು. ಹಣ್ಣ ಯಾವುದರದ ಅಂತ ಕೇಳಬಾರದು."

ಹದಿನಾಲ್ಕು ವರ್ಷ ಇಂಗ್ಲಿಷ್ ಓದಿದವಳಿಗೆ ಕಾಣದ್ದು ಇವರಿಗೆ ಮರದ ಕೆಳಗೆ ಕಂಡಿತ್ತು. ಖುಷಿಯಾಗಬೇಕಿತ್ತು. ನನಗೆ ಇನ್ನಷ್ಟು ಉರಿಯಿತು.

'ಟು' ಅನ್ನುವುದನ್ನೂ ಹಾಗೇ ಸೋಲಿಸಿದರು. ಟು ಗೋ, ಟು ಈಟ್, ಟು ವಾಶ್. ವಾರಗಟ್ಟಲೆ 'ಗೆ' ಅಂತ ಅರ್ಥ ಹಚ್ಚಿ 'ಊರಿಗೆ' 'ತೋಟಕ್ಕೆ' ಅಂತ ಒದ್ದಾಡಿದವರು, ಒಂದು ದಿನ ನಳದ ಹತ್ತಿರದಿಂದಲೇ ಕೂಗಿದರು. "ಅಕ್ಕಾರ, ಟು ಅಂದ್ರ ನಮ್ಮ 'ಆಕ' ಅಲ್ಲೇನ್ರಿ! ಹೋಗಾಕ, ತಿನ್ನಾಕ, ತೊಳ್ಯಾಕ. ನಮ್ಮ 'ಆಕ' ಶಬ್ದದ ಹಿಂದ ಬರತೈತಿ, ಅವರದು ಮುಂದ ನಡೀತೈತಿ. ಅಷ್ಟ!" ಮರುದಿನದಿಂದ ನನಗೆ ಮನೆಯ ಮಾಲಕರಾಗಿ ಹೇಳುವ ಮಾತೆಲ್ಲ ಇಂಗ್ಲಿಷಿನಲ್ಲಿ. "ಅಕ್ಕಾರ, ಟರ್ನ್ ಆಫ್ ದಿ ನಳ! ನೀರ ಹರ್ಯಾಕತ್ತೈತಿ!" ಓಣಿಯ ಹೆಂಗಸರು ಗೋಡೆಯಾಚೆ ಬಿದ್ದು ಬಿದ್ದು ನಕ್ಕರು.

ಅವರ ಹೆಂಡತಿ, ನಾವೆಲ್ಲ ಕಾಕು ಅನ್ನುತ್ತಿದ್ದವರು, ಹಿಂದಿನ ಬಾಗಿಲಿಂದ ದಿನಾ ಒಂದು ಬಾಣ ಬಿಡುತ್ತಿದ್ದರು. "ಹೊತ್ತ ಮುಳಗಾಕ ಬಂತ್ರಿ! ಊಟಾ ಮಾಡ್ತೀರೋ, ಇವತ್ತ ಇಂಗ್ಲಿಷ್ ತಿಂದ ಮಲಗ್ತೀರೋ?" ಸೂರ್ಯ ಬೇವಿನ ಕೆಳಗಿನ ಟೊಂಗೆಗೆ ಬಂದರೆ ಮಾಲಕರು ಎದ್ದುಬಿಡುತ್ತಿದ್ದರು, ವಾಕ್ಯ ಅರ್ಧಕ್ಕಿದ್ದರೂ. ನಾನು ದಿನಾ ಆ ಟೊಂಗೆಯನ್ನೇ ನೋಡುತ್ತಿದ್ದೆ.

ಯಾಕೆಂದರೆ ನನಗೆ ಗೊತ್ತಿತ್ತು. ಅವರು ಕಲಿತ ಒಂದೊಂದು ಶಬ್ದವೂ ಕಿಸೆಯಲ್ಲಿದ್ದ ಆ ಸಾಲಿನ ಕಡೆಗೆ ಒಂದೊಂದು ಹೆಜ್ಜೆ. ಅವರ ದಡ್ಡತನಕ್ಕೆ ರೇಗುತ್ತೇನೆ ಅಂತ ಓಣಿ ತಿಳಿದಿತ್ತು. ಅವರು ದಡ್ಡರಲ್ಲ ಅಂತಲೇ ನಾನು ರೇಗುತ್ತಿದ್ದೆ. ಹೇಳಿಬಿಡಬೇಕು ಅಂತ ಎಷ್ಟೋ ಸಲ ಬಾಯಿ ತೆರೆದೆ. ಆಗೆಲ್ಲ ಅವರು ಇನ್ನೊಂದು ಪುಟ್, ಇನ್ನೊಂದು ಗೆಟ್ ತೆಗೆದು ಮುಂದೆ ಹಿಡಿದರೆ, ರೇಗುವುದೇ ಸುಲಭ ಅನಿಸುತ್ತಿತ್ತು...

ಮತ್ತೆ ದಸರೆ ಬಂತು. ಚಾಟ್ನಿಯ ಹಿಂದಿನ ದಿನ ಮಾಲಕರು ಸ್ನಾನ ಮಾಡಿ, ಮಡಿ ಧೋತರ ಉಟ್ಟು ಬಂದರು, ಬಸದಿಗೆ ಹೊರಟವರಂತೆ. ಕಿಸೆಯಿಂದ ಚೀಟಿ ತೆಗೆದರು. ಮಡಿಕೆಗಳು ಸವೆದು ಕೆಲವು ಕಡೆ ತೂತು ಬಿದ್ದಿದ್ದವು.

"ಇವತ್ತ ಇದು. ನೀವು ಮಾತಾಡಬ್ಯಾಡ್ರಿ. ತಪ್ಪಿದ್ರ ಅಷ್ಟ ಹೇಳ್ರಿ."

ಬೆರಳಿಟ್ಟು ಓದಿದರು. ಒಂದು ಸಾಲು ಇಂಗ್ಲಿಷ್, ಆಮೇಲೆ ಅದರ ಕನ್ನಡ. ಟು ಬಿ ಯೂಸ್ಡ್ ಓನ್ಲಿ... ಇಷ್ಟಕ್ಕ ಅಷ್ಟ ಬಳಸಾಕ. ಪುಟ್ ಆನ್ ಗ್ಲವ್ಸ್... ಕೈಗವಸ ತೊಟ್ಟಕೋ. ವಾಶ್ ಆಫ್ ಅಟ್ ಒನ್ಸ್... ತಡಾ ಮಾಡದ ತೊಳದಬಿಡು. ಒಂದು ತಪ್ಪಿಲ್ಲ. ಸೂರ್ಯ ಮೇಲಿನ ಟೊಂಗೆ ದಾಟಿ, ನಡುವಿನದು ದಾಟಿ, ಕೆಳಗಿನ ಟೊಂಗೆಗೆ ಬಂದ. ಕಾಕು ಕೂಗಿದರು. ಮಾಲಕರು ಏಳಲಿಲ್ಲ. ಕಾಕು ಇನ್ನೊಮ್ಮೆ ಕೂಗಿ, ಬಾಗಿಲಿಗೆ ಬಂದು ನಿಂತು, ಗಂಡನ ಮುಖ ನೋಡಿ ಒಳಗೆ ಹೋದರು.

"ನೀವು ಊಟಾ ಮಾಡ್ರಿ, ನಾಳಿ ಓದೂಣು" ಅಂದೆ.

"ನಾಳಿ ಔಷಧ ಹಚ್ಚವ್ರ ಬರತಾರ" ಅಂದರು.

ಬೆರಳು ಆ ಸಾಲಿಗೆ ಬಂತು. ವರ್ಕರ್ಸ್... ಆಳು. ಆರ್ ಟು ಕೀಪ್ ಅವೇ ಫ್ರಮ್... ದೂರ ಇರಬೇಕು. ಅದೆಲ್ಲ ನಾನೇ ಕಲಿಸಿದ್ದು. ಮುಂದಿನ ಶಬ್ದದ ಹತ್ತಿರ ಬೆರಳು ನಿಂತಿತು. ಎರಡು ಸಲ ಕೂಡಿಸಿ ಓದಿದರು. "ಆಲ್... ಕೊ... ಹಾಲಿಕ್. ಇದು ನೀವು ಕಲಿಸಿಲ್ಲ. ಅಂದ್ರ ಏನ್ರಿ?"

ಸೂರ್ಯ ಗೋಡೆಯ ಹಿಂದೆ ಇಳಿದಿದ್ದ. ಅಂಗಳದಲ್ಲಿ ನಳ ತೊಟ್ಟಿಕ್ಕುತ್ತಿತ್ತು. ಒಂದು ವರ್ಷ ನುಂಗಿಟ್ಟದ್ದನ್ನು ಹೇಳಿದೆ.

"ಸೆರೆ ರೀ."

ಮಾಲಕರು ಆ ಶಬ್ದದ ಮೇಲಿಂದ ಬೆರಳು ತೆಗೆದರು. ನಾನು ಬೈಗುಳಕ್ಕೆ ಕಾದೆ. ಮನೆ ಖಾಲಿ ಮಾಡಿ ಅನ್ನಲಿ, ಮುಕಾದಮನ ಹೆಂಡತಿಯ ಎದುರು ನಿಲ್ಲಿಸಲಿ, ಎಲ್ಲಕ್ಕೂ ತಯಾರಾಗಿದ್ದೆ. ಕೊನೆಗೆ ಅವರು ಕೇಳಿದ್ದು ಇಷ್ಟೇ.

"ಅವತ್ತ ನನಗ ಇದನ್ನ ಯಾಕ ಹೇಳಲಿಲ್ರಿ?"

"ನಿಮ್ಮ ಮುಂದ ಆ ಮಾತ ಹ್ಯಾಂಗ ಆಡೂದ್ರಿ... ನಾಚಿಕಿ ಆತು. ಆಮ್ಯಾಲ ಅಂಜಿಕಿ ಆತು."

ಅವರು ತಲೆ ಅಲ್ಲಾಡಿಸಿದರು. ಹೌದು ಅಂತಲೋ, ಅಲ್ಲ ಅಂತಲೋ.

"ನೀವು ಹೇಳಿದ್ರೂ ನಾ ಏನಂತಿದ್ದೆ ಗೊತ್ತೇನ್ರಿ ಅಕ್ಕಾರ? ನಮ್ಮ ತ್ವಾಟದಾಗ ಯಾರೂ ಕುಡ್ಯಾಂಗಿಲ್ರಿ ಅಂತಿದ್ದೆ. ಮುಕಾದಮ ಕುಡೀತಾನ ಅಂತ ನನಗ ಹನ್ನೆರಡ ವರ್ಷದಿಂದ ಗೊತ್ತೈತಿ. ನನಗ ಗೊತ್ತೈತಿ ಅಂತ ಅಂವಗೂ ಗೊತ್ತೈತಿ. ಇಬ್ಬರೂ ಒಂದ ದಿನ ಬಾಯಿ ಬಿಟ್ಟಿಲ್ಲ. ಅಂವ ನನ್ನ ಮರ್ಯಾದಿ ಕಾದ, ನಾ ಅವನ ಮರ್ಯಾದಿ ಕಾದೆ."

ಚೀಟಿಯನ್ನು ಮಡಿಸಿದರು, ಅದೇ ಗುರುತುಗಳಲ್ಲಿ. ಎದ್ದರು. ನಾನು ಅಭ್ಯಾಸಬಲದಿಂದ ನೀರು ಬೇಕೇನ್ರಿ ಅಂದೆ. ಹೊತ್ತು ಮುಳುಗಿತ್ತಲ್ಲ. ಅವರು ಕೈ ಮುಗಿದು ಒಳಗೆ ಹೋದರು. ಆ ರಾತ್ರಿ ಅವರು ಉಪವಾಸ. ಅವರು ಕ್ಷಮಿಸಿದರೋ, ಇಲ್ಲವೋ ನನಗೆ ಗೊತ್ತಿಲ್ಲ. ಕ್ಷಮಿಸ್ರಿ ಅಂತ ನಾನೂ ಅನ್ನಲಿಲ್ಲ. ಸಾರಿ ಅನ್ನುವುದನ್ನು ಕಾನ್ವೆಂಟಿನಲ್ಲಿ ದಿನಕ್ಕೆ ಐವತ್ತು ಸಲ ಅನ್ನುತ್ತಿದ್ದೆವು, ಬೇಕಾದ ಹೊತ್ತಿಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ನನ್ನನ್ನೂ ತೋಟಕ್ಕೆ ಕರೆದುಕೊಂಡು ಹೋದರು. ಬದುವಿನ ಮೇಲೆ ನಿಂತು ಆಳುಗಳನ್ನೆಲ್ಲ ಕೂಡಿಸಿ, ಪೂರ್ತಿ ಚೀಟಿ ಓದಿದರು, ಮೊದಲು ಇಂಗ್ಲಿಷ್, ಆಮೇಲೆ ಕನ್ನಡ, ನಡುವೆ ನಾಕು ಮಾತು ಮರಾಠಿ. ಆ ಸಾಲು ಬಂದಾಗ ಕೆಮ್ಮಲಿಲ್ಲ, ದನಿ ಇಳಿಸಲಿಲ್ಲ. "ಔಷಧ ಹಚ್ಚವ್ರು ಸೆರೆ ಮುಟ್ಟಬಾರದು. ಮುಟ್ಟಿದ್ರ ಸಾಯ್ತೀರಿ. ಕುಡ್ಯಾವ್ರ ಯಾರದೀರಿ, ನನಗ ಹೇಳಿ ಬ್ಯಾರೆ ಕೆಲಸಾ ಮಾಡ್ರಿ. ಪಗಾರ ಅಷ್ಟ ಸಿಗತೈತಿ."

ಆಳುಗಳು ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನಿಂದ ಒಬ್ಬಾಕಿ ಸೆರಗು ಬಾಯಿಗೆ ಹಚ್ಚಿಕೊಂಡು, "ಯವ್ವಾ, ಮಾಲಕರ ಬಾಯಾಗ ಎಂಥಾ ಮಾತ ಬಂತಬೇ!" ಅಂದಳು. ನಗೆ ಎದ್ದಿತು. ನಗೆಯ ನಡುವೆ ಮುಕಾದಮ ಎದ್ದು ನಿಂತ. ಟಾವೆಲ್ ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದು, "ನಾ ಅದೀನ್ರಿ ಮಾಲಕ್" ಅಂದ. ಅವನ ಹಿಂದೆ ಇನ್ನೂ ಮೂವರು ಎದ್ದರು. ಅವರಿಗೆ ಕಡ್ಡಿ ಆರಿಸುವ ಕೆಲಸ ಕೊಟ್ಟರು.

ಮುಂದಿನ ಬೇಸಿಗೆಗೆ ಯಜಮಾನರಿಗೆ ರಾಯಬಾಗಕ್ಕೆ ವರ್ಗ ಆಯಿತು. ಸಾಮಾನು ಟ್ರಕ್ಕಿಗೆ ಏರಿಸುವಾಗ ಮಾಲಕರು ಬಂದು, "ಅಕ್ಕಾರ, ಪುಟ್ ಅಪ್ ವಿತ್ ಅಂದ್ರ ಸಹಿಸಿಕೊ, ಹೌದಿಲ್ರಿ?" ಅಂದರು. ಹೌದ್ರಿ ಅಂದೆ. "ಯಾರು ಯಾರನ್ನ ಸಹಿಸಿಕೊಂಡ್ರೋ" ಅಂದು ನಕ್ಕರು. ಆಮೇಲೆ ಒಂದೆರಡು ಸಲ ಹೋಗಿದ್ದೆ. ಹೋದಾಗೆಲ್ಲ ಹೊಸ ಹೊಸ ಔಷಧದ ಚೀಟಿಗಳನ್ನು ತಂತಿಯಲ್ಲಿ ಸಿಕ್ಕಿಸಿ ಇಟ್ಟಿರುತ್ತಿದ್ದರು, ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡ. ತೊಂಬತ್ತರ ದಶಕದ ಕೊನೆಗೆ ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ತಿಂಗಳಾಗಿತ್ತು. ಕಾಕುವಿಗೆ ಕಾಗದ ಬರೆಯಲು ಕುಳಿತೆ. ಏನು ಬರೆಯುವುದು ತಿಳಿಯದೆ ಪೆನ್ನಿನ ಟೊಪ್ಪಿಗೆ ಮುಚ್ಚಿಟ್ಟೆ...

ಈಗ ಚಿಕ್ಕೋಡಿಯ ಈ ಮನೆಯಲ್ಲಿ, ಬುಟ್ಟಿಯಿಂದ ಎತ್ತಿದ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು ಓದಲು ಕುಳಿತೆ. ದೊಡ್ಡ ದನಿಯಲ್ಲಿ, ಒಂದು ಸಾಲು ಇಂಗ್ಲಿಷ್, ಒಂದು ಸಾಲು ಕನ್ನಡ. ಕಾಯಿಪಲ್ಲೆ ಹೆಚ್ಚುತ್ತಿದ್ದ ಸೊಸೆ ಸ್ವಲ್ಪ ಹೊತ್ತು ತಡೆದಳು.

"ನಾಟ್ ಟು ಬಿ ಟೇಕನ್ ಬೈ ಪ್ರೆಗ್ನಂಟ್ ವಿಮೆನ್" ಅಂತ ಓದಿದೆ. "ಬಸಿರ ಹೆಂಗಸರು ತಗೋಬಾರದು."

"ಅಯ್ಯ ಅತ್ತಿ! ಎಪ್ಪತ್ತಾರರಾಗ ಅದೀರಿ. ಆ ಸಾಲ ಬಿಟ್ಟ ಮುಂದ ಓದ್ರಿ!"

ಬಿಡಲಿಲ್ಲ. ಎದೆಹಾಲು ಕುಡಿಸುವ ತಾಯಂದಿರ ಸಾಲನ್ನೂ ಓದಿದೆ, ಲಿವರ್ ಕೆಟ್ಟವರದನ್ನೂ ಓದಿದೆ. ಎಲ್ಲ ಮುಗಿಯುವ ಹೊತ್ತಿಗೆ ಹೊರಗೆ ಹೊತ್ತು ಮುಳುಗಿ, ಸೊಸೆ ದೀಪ ಹಾಕಿ, ನನ್ನ ಕಡೆ ನೋಡದೆ ಒಳಗೆ ಹೋಗಿದ್ದಳು. ಚೀಟಿಯನ್ನು ಮಡಿಸಲು ನೋಡಿದೆ. ಅದರ ಗುರುತುಗಳಲ್ಲೇ ಮಡಿಸಬೇಕೆಂದು ಮೂರು ಸಲ ಬಿಚ್ಚಿದೆ, ಮೂರು ಸಲ ಮಡಿಸಿದೆ. ಡಬ್ಬಿಯೊಳಗೆ ಹೋಗಲೊಲ್ಲದು.